ಟೈಬೀರಿಯಸನ ಮೂರು ಡಿನೇರಿಯಸ್‌ಗಳಲ್ಲಿ ಹೆಚ್ಚುವರಿ ಯಾವುದು?

ಸಂಪಿಗೆ ರಸ್ತೆ ಅವರ ಪ್ರಶ್ನೆ:

ನಮ್ಮ ಮಾವನವರು ಮಾರ್ಕ್ ಆಂಟನಿಯಿಂದ ಹಿಡಿದು ಅಲೆಕ್ಸಾಂಡರ್ ಸೆವೆರಸನವರೆಗಿನ, ಡಿನೇರಿಯಸ್ ಎಂಬ ರೋಮನ್ ಬೆಳ್ಳಿ ನಾಣ್ಯಗಳನ್ನು ಬಹಳ ಕಾಲದಿಂದ ಸಂಗ್ರಹಿಸುತ್ತ ಬಂದಿದ್ದಾರೆ. ಕೆಲವನ್ನು ಹೊರದೇಶದ ಹರಾಜುಗಳಿಂದ ತರಿಸಿಕೊಂಡಿದ್ದಾರೆ, ಉಳಿದವನ್ನು ಬೆಂಗಳೂರಿನ ವ್ಯಾಪಾರಿಗಳಿಂದಲೂ ನಾಣ್ಯ ಮೇಳಗಳಲ್ಲಿಯೂ ಕೊಂಡಿದ್ದಾರೆ. ಪ್ರತಿ ನಾಣ್ಯದ ಜೊತೆಗೂ ಮಾರಿದವರು ಬರೆದುಕೊಟ್ಟ ಚೀಟಿಯೊಂದಿದೆ. ಅದನ್ನು ಬಿಟ್ಟರೆ ಬೇರೆ ದಾಖಲೆಯಿಲ್ಲ. ಈಚೆಗೆ ಅವರ ಕಣ್ಣು ಮಂಜಾಗುತ್ತಿರುವುದರಿಂದ ಎಲ್ಲವನ್ನೂ ಒಂದು ಸ್ಪ್ರೆಡ್‌ಶೀಟಿಗೆ ಇಳಿಸುವ ಕೆಲಸವನ್ನು ನನಗೆ ಒಪ್ಪಿಸಿದ್ದಾರೆ. ನನಗೆ ಲೆಕ್ಕಪತ್ರ ಗೊತ್ತು, ನಾಣ್ಯಶಾಸ್ತ್ರ ಗೊತ್ತಿಲ್ಲ.

ಪಟ್ಟಿ ಮಾಡುತ್ತ ಹೋದಂತೆ ಒಂದೇ ನಾಣ್ಯ ಮತ್ತೆ ಮತ್ತೆ ಬಂದಂತೆ ಕಾಣತೊಡಗಿತು. ಟೈಬೀರಿಯಸ್ ಚಕ್ರವರ್ತಿಯದು ಮೂರು ಇವೆ. ಮೂರರಲ್ಲಿಯೂ ಒಂದು ಬದಿಗೆ ಅವನ ತಲೆ, ಇನ್ನೊಂದು ಬದಿಗೆ ಕುರ್ಚಿಯಲ್ಲಿ ಕುಳಿತ ಹೆಂಗಸು. ವೆಸ್ಪೇಸಿಯನ್ನನ ಎರಡು ನಾಣ್ಯಗಳಲ್ಲಿ ಸೋತ ಯೆಹೂದಿ ಸೆರೆಯಾಳು ವಿಜಯಸ್ತಂಭದ ಬುಡದಲ್ಲಿ ಕುಳಿತಿದ್ದಾಳೆ. ಚಿತ್ರ ಒಂದೇ ಆದರೂ ಪಟ್ಟಿಪುಸ್ತಕದ ಸಂಖ್ಯೆಯೆಂದು ಒಂದರ ಚೀಟಿಯಲ್ಲಿ ‘ಆರ್‌ಐಸಿ 15’ ಎಂದೂ ಮತ್ತೊಂದರಲ್ಲಿ ‘ಆರ್‌ಐಸಿ 2’ ಎಂದೂ ಬರೆದಿದೆ. ಡೊಮಿಷಿಯನ್ನನ ನಾಲ್ಕು ನಾಣ್ಯಗಳಲ್ಲಿಯೂ ಮಿನರ್ವಾ ದೇವಿಯೇ ಇದ್ದಾಳೆ. ಆಂಟನಿಯ ಸೈನ್ಯದಳದ ನಾಣ್ಯಗಳು ಎರಡಿದ್ದು, ಮೂರನೆಯ ದಳದ್ದೆಂದು ಒಂದರ ಚೀಟಿ, ಎಂಟನೆಯ ದಳದ್ದೆಂದು ಇನ್ನೊಂದರ ಚೀಟಿ ಹೇಳುತ್ತದೆ. ಸವೆದುಹೋಗಿರುವ ಆ ಎರಡರಲ್ಲಿಯೂ ನನಗೆ ಕಾಣುವುದು ಮೂರು ಗೆರೆಗಳು ಮಾತ್ರ.

ಮಾವನವರನ್ನು ಕೇಳಿದರೆ ಕೆಲವನ್ನು ಗೊತ್ತಿದ್ದೇ ಕೊಂಡೆ ಎನ್ನುತ್ತಾರೆ, ಕೆಲವು ಒಂದೇ ವಾರ ನಡೆದ ಎರಡು ಹರಾಜುಗಳಲ್ಲಿ ಒಂದಾದರೂ ಸಿಕ್ಕೀತೆಂದು ಕೂಗಿದ್ದಕ್ಕೆ ಎರಡೂ ಬಂದವು ಎನ್ನುತ್ತಾರೆ, ಇನ್ನು ಕೆಲವಕ್ಕೆ ಉತ್ತರವನ್ನೇ ಕೊಡುವುದಿಲ್ಲ. ಅವರ ಚಕ್ರವರ್ತಿಗಳ ಸಾಲಿನಲ್ಲಿ ಒಥೋನ ಜಾಗ ಇನ್ನೂ ಖಾಲಿಯಿದೆ. ಹೆಚ್ಚುವರಿ ಇರುವುದನ್ನು ಕೊಟ್ಟು ಆ ಹಣದಲ್ಲಿ ಒಥೋನನ್ನು ತರಬೇಕೆಂಬುದು ಅವರ ಆಸೆ.

ಆದುದರಿಂದ ಎರಡು ನಾಣ್ಯಗಳು ‘ಒಂದೇ’ ಎಂದು ಯಾವ ಅಳತೆಯಿಂದ ನಿರ್ಧರಿಸಬೇಕು, ಮುಂದೆ ಹೀಗಾಗದಂತೆ ಪಟ್ಟಿಯನ್ನು ಹೇಗೆ ಬರೆಯಬೇಕು, ಹೆಚ್ಚಾದುದನ್ನು ಕ್ರಮಬದ್ಧವಾಗಿ ಹೇಗೆ ವಿಲೇವಾರಿ ಮಾಡಬೇಕು ಎಂಬುದನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಯಶವಂತಪುರ 1891 ಅವರ ಉತ್ತರ:

ಟೈಬೀರಿಯಸನಿಂದ ಆರಂಭಿಸುತ್ತೇನೆ, ಏಕೆಂದರೆ ಈ ಹವ್ಯಾಸದಲ್ಲಿ ಎರಡೆರಡು ಬಾರಿ ಕೊಳ್ಳಲ್ಪಡುವ ನಾಣ್ಯಗಳಲ್ಲಿ ಅದಕ್ಕೇ ಮೊದಲ ಸ್ಥಾನ ಸಲ್ಲಬೇಕು. ಅವನು ಕ್ರಿ.ಶ. 14ರಿಂದ 37ರವರೆಗೆ ಆಳಿದನು. ಆರಂಭದ ಒಂದೆರಡು ವರ್ಷ ನಾಲ್ಕು ಕುದುರೆಗಳ ರಥದ ಚಿತ್ರ ಮುಂತಾದ ಬೇರೆ ಮಾದರಿಗಳು ಬಂದವಾದರೂ, ಅನಂತರ ಲುಗ್ಡುನಮ್, ಅಂದರೆ ಇಂದಿನ ಫ್ರಾನ್ಸಿನ ಲಿಯೋನ್ ನಗರದ ಟಂಕಸಾಲೆ, ಅವನ ಆಳ್ವಿಕೆ ಮುಗಿಯುವವರೆಗೂ ಬಹುತೇಕ ಒಂದೇ ಬೆಳ್ಳಿ ನಾಣ್ಯವನ್ನು ಟಂಕಿಸುತ್ತ ಹೋಯಿತು. ಮುಂಬದಿಯಲ್ಲಿ ದೈವತ್ವಕ್ಕೇರಿದ ಅಗಸ್ಟಸನ ಮಗನೆಂಬ ಬರಹ, ಹಿಂಬದಿಯಲ್ಲಿ ‘ಪಾಂಟಿಫ್ ಮ್ಯಾಕ್ಸಿಮ್’ (ಮಹಾಪುರೋಹಿತ) ಎಂಬ ಬಿರುದು, ಬಲಕ್ಕೆ ಮುಖ ಮಾಡಿ ಕುಳಿತ ಸ್ತ್ರೀ. ಅವಳನ್ನು ಶಾಂತಿದೇವತೆಯೆಂದು ಕೆಲವರೂ ಟೈಬೀರಿಯಸನ ತಾಯಿ ಲಿವಿಯಾ ಎಂದು ಕೆಲವರೂ ಗುರುತಿಸುತ್ತಾರೆ. ‘ಸೀಸರನದನ್ನು ಸೀಸರನಿಗೆ ಕೊಡಿ’ ಎಂಬ ಬೈಬಲ್ಲಿನ ಪ್ರಸಂಗದ ನಾಣ್ಯ ಇದೇ ಎಂಬ ನಂಬಿಕೆಯಿಂದಾಗಿ ಬೇಡಿಕೆಯೂ ಹೆಚ್ಚು, ಪ್ರತಿ ಹರಾಜಿನಲ್ಲಿಯೂ ಒಂದಾದರೂ ಇರುತ್ತದೆ.

ಬರಹ ಬದಲಾಗಲಿಲ್ಲ, ಆದರೆ ಕುರ್ಚಿ ಬದಲಾಯಿತು. ಭೂತಗನ್ನಡಿ ಹಿಡಿದು ಹಿಂಬದಿಯನ್ನು ನೋಡಿ. ಕುರ್ಚಿಯ ಕಾಲುಗಳು ಸರಳ ಗೆರೆಗಳಾಗಿವೆಯೇ, ಅಥವಾ ಕಡೆದ ಗುಂಡುಗಳಿಂದ ಅಲಂಕೃತವಾಗಿವೆಯೇ? ಕುರ್ಚಿಯ ಕೆಳಗೆ ನೆಲವನ್ನು ಸೂಚಿಸುವ ಗೆರೆ ಒಂದೋ ಎರಡೋ? ಅವಳ ಪಾದದಡಿಯಲ್ಲಿ ಪುಟ್ಟ ಮಣೆಯಿದೆಯೇ? ಬಲಗೈಯಲ್ಲಿರುವುದು ರಾಜದಂಡವೋ ತಲೆಕೆಳಗಾಗಿ ಹಿಡಿದ ಭರ್ಜಿಯೋ? 1984ರಲ್ಲಿ ಪರಿಷ್ಕೃತವಾಗಿ ಬಂದ ‘ರೋಮನ್ ಇಂಪೀರಿಯಲ್ ಕಾಯಿನೇಜ್’ ಎಂಬ ಪಟ್ಟಿಪುಸ್ತಕದ (ನಿಮ್ಮ ಚೀಟಿಗಳಲ್ಲಿರುವ ಆರ್‌ಐಸಿ ಇದೇ) ಮೊದಲ ಸಂಪುಟ ಇಂತಹ ವ್ಯತ್ಯಾಸಗಳನ್ನೇ ಆಧರಿಸಿ ಈ ಡಿನೇರಿಯಸ್‌ಗೆ 26, 28, 30 ಎಂಬ ಬೇರೆ ಬೇರೆ ಸಂಖ್ಯೆಗಳನ್ನು ಕೊಟ್ಟಿದೆ. ಲಿಯೋನ್ ಟಂಕಸಾಲೆಯನ್ನು ಅಧ್ಯಯನ ಮಾಡಿದ ಫ್ರೆಂಚ್ ವಿದ್ವಾಂಸ ಜಿಯಾರ್ ಇನ್ನೂ ಸೂಕ್ಷ್ಮವಾಗಿ ಗುಂಪು ಮಾಡಿದ್ದಾರೆ. ಮಾರಾಟಗಾರರ ಚೀಟಿಗಳಲ್ಲಿ ಮಾತ್ರ ಎಲ್ಲಕ್ಕೂ ‘30’ ಎಂದೇ ಬರೆದುಬಿಡುವ ವಾಡಿಕೆಯಿದೆ. ಹಾಗಾಗಿ ಈ ನಾಣ್ಯದ ವಿಷಯದಲ್ಲಿ ಚೀಟಿಯನ್ನು ಪಕ್ಕಕ್ಕಿಟ್ಟು ಕುರ್ಚಿಯನ್ನು ನಂಬಿ.

ನಮ್ಮೂರಿನವರಿಗೆ ಈ ನಾಣ್ಯದೊಂದಿಗೆ ಬೇರೊಂದು ನಂಟೂ ಉಂಟು. ನನ್ನ ಹೆಸರಿನಲ್ಲಿರುವ ಇಸವಿ ಅದನ್ನೇ ಹೇಳುತ್ತದೆ: 1891ರಲ್ಲಿ ಯಶವಂತಪುರದಲ್ಲಿ 163 ರೋಮನ್ ಬೆಳ್ಳಿ ನಾಣ್ಯಗಳ ನಿಕ್ಷೇಪ ದೊರೆಯಿತು, 1965ರಲ್ಲಿ ಎಚ್‌ಎಎಲ್ ವಿಮಾನ ನಿಲ್ದಾಣದ ಬಳಿ 256 ನಾಣ್ಯಗಳ ಇನ್ನೊಂದು ನಿಕ್ಷೇಪ ಸಿಕ್ಕಿತು. ದಕ್ಷಿಣ ಭಾರತದ ಇಂತಹ ನಿಕ್ಷೇಪಗಳನ್ನು ತುಂಬಿರುವವು ಮುಖ್ಯವಾಗಿ ಎರಡೇ ಬಗೆಗಳು: ಅಗಸ್ಟಸನ ಮೊಮ್ಮಕ್ಕಳಾದ ಗಾಯಸ್ ಮತ್ತು ಲೂಷಿಯಸ್ ಗುರಾಣಿಗಳೊಡನೆ ನಿಂತಿರುವ ನಾಣ್ಯ ಮತ್ತು ಟೈಬೀರಿಯಸನ ಈ ಕುರ್ಚಿಯ ನಾಣ್ಯ. ಮೆಣಸು ಕೊಳ್ಳಲು ಬಂದವರು ಒಂದೇ ಬಗೆಯ ಒಳ್ಳೆಯ ಬೆಳ್ಳಿಯನ್ನು ಆರಿಸಿ ತಂದರು ಎಂದು ಕಾಣುತ್ತದೆ. ಮಾವನವರಲ್ಲಿ ಗಾಯಸ್–ಲೂಷಿಯಸ್ ನಾಣ್ಯವೂ ಎರಡಿದ್ದರೆ, ಗುರಾಣಿಗಳ ಮೇಲ್ಗಡೆ ಕಾಣುವ ಪೂಜಾಸೌಟು ಮತ್ತು ಬಾಗಿದ ಕೋಲಿನ ಎಡ–ಬಲ ಸ್ಥಾನಗಳನ್ನೂ, ಕೆಳಗೆ ‘ಎಕ್ಸ್’ ಗುರುತು ಇದೆಯೇ ಎಂಬುದನ್ನೂ ನೋಡಿ. ಅಲ್ಲಿಯೂ ಸಂಖ್ಯೆ ಬೇರೆಯಾಗುತ್ತದೆ.

ಹಳೆಯ ಪಟ್ಟಿ ಅವರ ಉತ್ತರ:

ವೆಸ್ಪೇಸಿಯನ್ನನ ಒಗಟಿಗೆ ಉತ್ತರ ಸುಲಭವಾಗಿದೆ. ಆ ಎರಡೂ ಒಂದೇ ಬಗೆಯವು. ಅವನ ನಾಣ್ಯಗಳನ್ನು ವಿವರಿಸುವ ಎರಡನೆಯ ಸಂಪುಟ ಮೊದಲು ಬಂದದ್ದು 1926ರಲ್ಲಿ; ಅಲ್ಲಿ ಈ ಯೆಹೂದಿ ಸೆರೆಯಾಳಿನ ನಾಣ್ಯದ ಸಂಖ್ಯೆ 15. ಅದರ ಮೊದಲ ಭಾಗವನ್ನು ಕ್ಯಾರಡೈಸ್ ಮತ್ತು ಬಟ್ರಿ 2007ರಲ್ಲಿ ಹೊಸದಾಗಿ ಬರೆದಾಗ ಅದೇ ನಾಣ್ಯ 2 ಆಯಿತು. ಹೊರದೇಶದ ವ್ಯಾಪಾರಿಗಳಲ್ಲಿ ಕೆಲವರು ಇಂದಿಗೂ ಹಳೆಯ ಸಂಖ್ಯೆಯನ್ನೇ ಬರೆಯುತ್ತಾರೆ, ಉಳಿದವರು ಹೊಸದನ್ನು ಬರೆಯುತ್ತಾರೆ, ಯಾವ ಆವೃತ್ತಿಯದೆಂದು ಹೇಳುವವರು ಕಡಿಮೆ. ಸಂಖ್ಯೆಯನ್ನಷ್ಟೇ ಹೋಲಿಸಿ ‘ಇದು ನನ್ನಲ್ಲಿಲ್ಲ’ ಎಂದು ಕೊಳ್ಳುವವರ ಮನೆಗೆ ಹೀಗೆ ಎರಡನೆಯದು ಬರುತ್ತದೆ. ಹೇಡ್ರಿಯನ್ನನ ಸಂಪುಟವೂ 2019ರಲ್ಲಿ ಹೊಸ ಸಂಖ್ಯೆಗಳೊಂದಿಗೆ ಬಂದಿರುವುದರಿಂದ ಅವನ ನಾಣ್ಯಗಳ ಚೀಟಿಗಳನ್ನೂ ಇದೇ ಅನುಮಾನದಿಂದ ನೋಡಿ.

ಆದ್ದರಿಂದ ಪಟ್ಟಿಯಲ್ಲಿ ಆರ್‌ಐಸಿ ಸಂಖ್ಯೆಯ ಪಕ್ಕದಲ್ಲಿಯೇ ಆವೃತ್ತಿಯ ವರ್ಷವನ್ನು ಬರೆಯುವುದು ಕಡ್ಡಾಯವಾಗಬೇಕು. ಅದಕ್ಕೂ ಮಿಗಿಲಾಗಿ, ಬೆಳ್ಳಿಯನ್ನಷ್ಟೇ ಸಂಗ್ರಹಿಸುವವರಿಗೆ ನಾನು ‘ರೋಮನ್ ಸಿಲ್ವರ್ ಕಾಯಿನ್ಸ್’, ಅಂದರೆ ಆರ್‌ಎಸ್‌ಸಿ ಸಂಖ್ಯೆಯನ್ನೂ ಒಂದು ಅಂಕಣವಾಗಿ ಇಟ್ಟುಕೊಳ್ಳಲು ಹೇಳುತ್ತೇನೆ. ಅದು ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ಪಟ್ಟಿಕಾರ ಕೋಹೆನ್ನನ ಕ್ರಮವನ್ನು ಅನುಸರಿಸಿ, ಪ್ರತಿಯೊಬ್ಬ ಚಕ್ರವರ್ತಿಯ ನಾಣ್ಯಗಳನ್ನು ಹಿಂಬದಿಯ ಬರಹದ ಅಕ್ಷರಾನುಕ್ರಮದಲ್ಲಿ ಜೋಡಿಸುತ್ತದೆ. ಇತಿಹಾಸಕಾರರಿಗೆ ಅಷ್ಟೇನೂ ಉಪಯೋಗವಿಲ್ಲದ ಈ ಜೋಡಣೆ ನಮಗೆ ಬಹಳ ಉಪಯುಕ್ತ, ಏಕೆಂದರೆ ಸಂಶೋಧನೆ ಬದಲಾದರೂ ಸಂಖ್ಯೆ ಬದಲಾಗುವುದಿಲ್ಲ. ನಿಮ್ಮ ವೆಸ್ಪೇಸಿಯನ್ ನಾಣ್ಯ ಎರಡು ಚೀಟಿಯಲ್ಲಿಯೂ ಆರ್‌ಎಸ್‌ಸಿ 226 ಎಂದೇ ಇರುತ್ತಿತ್ತು. ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯವರ ಓಸಿಆರ್‌ಇ ಜಾಲತಾಣದಲ್ಲಿ ಹೊಸ ಆವೃತ್ತಿಯ ಸಂಖ್ಯೆಗಳು ಚಿತ್ರಗಳೊಡನೆ ಉಚಿತವಾಗಿ ಸಿಗುವುದರಿಂದ ಪುಸ್ತಕಗಳನ್ನು ಕೊಳ್ಳುವ ಅಗತ್ಯವೂ ತಕ್ಷಣಕ್ಕಿಲ್ಲ.

ಡೊಮಿಷಿಯನ್ನನ ವಿಷಯ ಇದಕ್ಕೆ ತದ್ವಿರುದ್ಧ. ಅಲ್ಲಿ ಒಂದೇ ಎಂದು ಕಾಣುವವು ಬಹುಮಟ್ಟಿಗೆ ಬೇರೆ ಬೇರೆ ಆಗಿರುತ್ತವೆ. ಅವನಿಗೆ ಮಿನರ್ವಾ ಇಷ್ಟದೇವತೆ. ಅವಳ ನಾಲ್ಕು ಭಂಗಿಗಳನ್ನು ವರ್ಷ ವರ್ಷವೂ ಮರಳಿ ಮರಳಿ ಟಂಕಿಸಿದನು. ಭರ್ಜಿ ಎತ್ತಿ ಮುನ್ನುಗ್ಗುವವಳು ಒಬ್ಬಳು, ಹಡಗಿನ ಮೂತಿಗಳುಳ್ಳ ಕಂಬದ ತುದಿಯಲ್ಲಿ ಗೂಬೆಯೊಡನೆ ನಿಂತವಳು ಇನ್ನೊಬ್ಬಳು, ಸಿಡಿಲು ಹಿಡಿದವಳು ಮತ್ತೊಬ್ಬಳು, ಬರಿಯ ಭರ್ಜಿಯನ್ನೂರಿ ನಿಂತವಳು ನಾಲ್ಕನೆಯವಳು. ಭಂಗಿ ಒಂದೇ ಆಗಿದ್ದರೂ ಸುತ್ತಲಿನ ಬರಹದಲ್ಲಿ ಮೂರು ಲೆಕ್ಕಗಳು ಇರುತ್ತವೆ: ಜನಾಧಿಕಾರದ (ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳುತ್ತಿದ್ದ ಟ್ರಿಬ್ಯೂನ್ ಅಧಿಕಾರದ) ಎಷ್ಟನೆಯ ವರ್ಷ, ಸೇನೆ ಎಷ್ಟನೆಯ ಬಾರಿ ಜಯಘೋಷ ಮಾಡಿದ್ದು, ಎಷ್ಟನೆಯ ಬಾರಿಯ ಕಾನ್ಸಲ್ ಎಂಬ ಉನ್ನತ ಪದವಿ. ಮೊದಲನೆಯದು ಸೆಪ್ಟೆಂಬರ್ 14ಕ್ಕೆ ಬದಲಾಗುತ್ತದೆ, ಕಾನ್ಸಲ್ ಪದವಿ ಜನವರಿಯಲ್ಲಿ ಬದಲಾಗುತ್ತದೆ, ಜಯಘೋಷಕ್ಕೆ ತಿಥಿಯಿಲ್ಲ. ಒಂದು ‘ಐ’ ಗೆರೆ ಹೆಚ್ಚಾದರೆ ನಾಣ್ಯ ಬೇರೆ ಬಗೆಯದು. ನಿಮ್ಮ ನಾಲ್ಕನ್ನು ಒಂದೇ ಸಾಲಿನಲ್ಲಿಟ್ಟು ಬರಹವನ್ನು ಅಕ್ಷರ ಅಕ್ಷರವಾಗಿ ನಕಲು ಮಾಡಿ ಇಲ್ಲಿ ಹಾಕಿದರೆ ಹೇಳುತ್ತೇನೆ. ಚೀಟಿಯಲ್ಲಿರುವುದನ್ನು ನಕಲು ಮಾಡಬೇಡಿ. ನಾಣ್ಯದ ಮೇಲೆ ಕಾಣುವುದನ್ನು ಮಾತ್ರ ಬರೆದು, ಕಾಣದಿರುವುದಕ್ಕೆ ಚುಕ್ಕೆ ಇಡಿ.

ಗಾಂಧಿ ಬಜಾರಿನವರು ಅವರ ಉತ್ತರ:

ಮೇಲಿನ ಇಬ್ಬರೂ ವಿದ್ವತ್ತಿನಿಂದ ಬರೆದಿದ್ದಾರೆ, ಆದರೆ ಅವರ ಅಳತೆಯನ್ನು ಕೊನೆಯವರೆಗೂ ಅನ್ವಯಿಸಿದರೆ ಲೋಕದಲ್ಲಿ ಹೆಚ್ಚುವರಿ ನಾಣ್ಯವೆಂಬುದೇ ಉಳಿಯುವುದಿಲ್ಲ. ಕುರ್ಚಿಯ ಕಾಲು ಬೇರೆ, ಗೆರೆ ಬೇರೆ, ತಲೆಯ ಪಟ್ಟಿಯ ಗಂಟು ಬೇರೆ ಎನ್ನುತ್ತ ಹೋದರೆ ಪ್ರತಿಯೊಂದು ಅಚ್ಚೂ ಒಂದು ಬಗೆಯೇ. ಸಂಗ್ರಹದ ವ್ಯಾಪ್ತಿಯನ್ನು ನಿರ್ಧರಿಸುವವರು ಪಟ್ಟಿಕಾರರಲ್ಲ, ಮಾವನವರು. ಅವರಿಗೆ ಬೇಕಾದದ್ದು ಪ್ರತಿ ಚಕ್ರವರ್ತಿಯ ಒಂದು ಒಳ್ಳೆಯ ಮುಖವಾಗಿದ್ದರೆ ಟೈಬೀರಿಯಸನ ಮೂರರಲ್ಲಿ ಎರಡು ಹೆಚ್ಚುವರಿಯೇ, ಡೊಮಿಷಿಯನ್ನನ ನಾಲ್ಕರಲ್ಲಿ ಮೂರು ಹೆಚ್ಚುವರಿಯೇ. ಮಿನರ್ವಾಳ ನಾಲ್ಕು ಭಂಗಿಗಳೂ ಬೇಕೆಂದರೆ ಲೆಕ್ಕ ಬೇರೆ. ಸ್ಪ್ರೆಡ್‌ಶೀಟಿನ ಮೊದಲ ಸಾಲಿನಲ್ಲಿ ಈ ವ್ಯಾಪ್ತಿಯನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳದೆ ಯಾವುದನ್ನೂ ಮಾರಬೇಡಿ.

ರೋಮನ್ ಲೇಖಕ ಪ್ಲಿನಿ ಹೇಳುವ ಒಂದು ಕಥೆ ನೆನಪಾಗುತ್ತದೆ. ಗಾಳಿಗೆ ಸಿಕ್ಕಿ ಸಿಂಹಳಕ್ಕೆ ಬಂದು ಸೇರಿದ ರೋಮನ್ನನೊಬ್ಬನ ಬಳಿಯಿದ್ದ ಡಿನೇರಿಯಸ್‌ಗಳನ್ನು ಅಲ್ಲಿನ ರಾಜ ನೋಡಿ, ಅವುಗಳ ಮೇಲಿನ ಮುಖಗಳು ಬೇರೆ ಬೇರೆ ದೊರೆಗಳವಾದರೂ ತೂಕ ಸಮನಾಗಿರುವುದನ್ನು ಮೆಚ್ಚಿಕೊಂಡನಂತೆ. ಆ ರಾಜನಿಗೆ ಎಲ್ಲ ನಾಣ್ಯಗಳೂ ಒಂದೇ ಆಗಿದ್ದವು; ಅವನ ವ್ಯಾಪ್ತಿ ಅಷ್ಟಿತ್ತು.

ಸಂಪಿಗೆ ರಸ್ತೆ ಅವರ ಮರುಪ್ರಶ್ನೆ:

ಮೂವರಿಗೂ ವಂದನೆಗಳು. ಮಾವನವರನ್ನು ಕೂರಿಸಿಕೊಂಡು ಕೇಳಿದೆ. ಪ್ರತಿ ಚಕ್ರವರ್ತಿಯ ಒಂದು ನಾಣ್ಯ ಸಾಕು, ಆದರೆ ಫ್ಲೇವಿಯನ್ ವಂಶದ ಮೂವರದು, ಅಂದರೆ ವೆಸ್ಪೇಸಿಯನ್, ಟೈಟಸ್, ಡೊಮಿಷಿಯನ್ನರದು, ಬಗೆಬಗೆಯಾಗಿ ಬೇಕು ಎಂದು ಖಚಿತವಾಗಿ ಹೇಳಿದರು. ಅದನ್ನೇ ಮೊದಲ ಸಾಲಿನಲ್ಲಿ ಬರೆದಿದ್ದೇನೆ. ಮಿನರ್ವಾಳ ನಾಲ್ಕು ನಾಣ್ಯಗಳಲ್ಲಿ ಮೂರು ಭಂಗಿಗಳಿವೆ. ಒಂದೇ ಭಂಗಿಯ ಎರಡರಲ್ಲಿ ಜನಾಧಿಕಾರದ ಅಂಕಿ ಬೇರೆಯಾಗಿದೆ. ಆದ್ದರಿಂದ ಡೊಮಿಷಿಯನ್ನನದು ಯಾವುದೂ ಹೊರಗೆ ಹೋಗುವುದಿಲ್ಲ.

ಟೈಬೀರಿಯಸನ ಮೂರನ್ನು ಭೂತಗನ್ನಡಿಯಲ್ಲಿ ನೋಡಿದೆ. ಒಂದರ ಕುರ್ಚಿಗೆ ಸರಳ ಕಾಲುಗಳು, ಕೆಳಗೆ ಎರಡು ಗೆರೆಗಳು. ಉಳಿದ ಎರಡಕ್ಕೂ ಕಡೆದ ಕಾಲುಗಳು, ಒಂದೇ ಗೆರೆ. ಈ ಎರಡು ಮಾತ್ರ ನನಗೆ ವಿಚಿತ್ರವಾಗಿ ಕಂಡವು. ತಲೆಯ ಸ್ಥಾನ ಎರಡರಲ್ಲಿಯೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಕಡೆಗೆ ಸರಿದಿದೆ, ಅಂಚಿನಲ್ಲಿ ಒಂದೇ ಜಾಗದಲ್ಲಿ ಒಂದೇ ಆಕಾರದ ಬಿರುಕಿದೆ, ಕೆನ್ನೆಯ ಮೇಲೆ ಒಂದೇ ಓರೆಯಲ್ಲಿ ಗೀರಿದೆ. ಆಭರಣದಂಗಡಿಯಲ್ಲಿ ತೂಗಿಸಿದಾಗ ಒಂದು 3.74 ಗ್ರಾಂ, ಇನ್ನೊಂದು 3.31 ಗ್ರಾಂ ಬಂತು. ಇಷ್ಟು ಸಮಾನವಾದ ಜೋಡಿ ಸಿಗುವುದು ಅಪರೂಪವೆಂದು ಮಾವನವರು ಹಿಗ್ಗುತ್ತಿದ್ದಾರೆ. ಒಂದೇ ಅಚ್ಚಿನಿಂದ ಬಂದ ಎರಡು ನಾಣ್ಯಗಳು ಎಂದು ಬರೆದುಕೊಳ್ಳಬಹುದೇ?

ಟಂಕಸಾಲೆ ಬೀದಿ ಅವರ ಉತ್ತರ:

ದಯವಿಟ್ಟು ಹಾಗೆ ಬರೆದುಕೊಳ್ಳಬೇಡಿ. ಹಿಗ್ಗುವ ಮೊದಲು ಈ ಎರಡನ್ನೂ ಮಾರಾಟದ ಯೋಚನೆಯಿಂದ ಹೊರಗಿಡಿ.

ಒಂದೇ ಅಚ್ಚಿನ ಎರಡು ನಾಣ್ಯಗಳು ಇರುವುದು ಅಸಹಜವಲ್ಲ. ಒಂದು ಅಚ್ಚು ಸಾವಿರಾರು ನಾಣ್ಯಗಳನ್ನು ಟಂಕಿಸಿ ಆಮೇಲೆ ಒಡೆಯುತ್ತಿತ್ತು, ಸಂಗ್ರಾಹಕರ ಕೈಗೆ ಅವುಗಳಲ್ಲಿ ಎರಡು ಬರುವುದು ಸಾಧ್ಯ. ಆದರೆ ರೋಮನ್ ಟಂಕಸಾಲೆಯಲ್ಲಿ ಕಾಯಿಸಿದ ಬೆಳ್ಳಿಯ ಬಿಲ್ಲೆಯನ್ನು ಕೆಳಗಿನ ಅಚ್ಚಿನ ಮೇಲೆ ಕೈಯಿಂದ ಇಟ್ಟು, ಮೇಲಿನ ಅಚ್ಚನ್ನು ಕೈಯಿಂದ ಹಿಡಿದು, ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಬಿಲ್ಲೆ ಪ್ರತಿ ಸಲವೂ ಬೇರೆ ಕಡೆ ಕೂರುತ್ತದೆ, ಏಟು ಬೇರೆ ಕೋನದಲ್ಲಿ ಬೀಳುತ್ತದೆ, ಅಂಚು ತನಗೆ ತೋಚಿದಲ್ಲಿ ಸೀಳುತ್ತದೆ. ಚಿತ್ರ ಮತ್ತು ಅಕ್ಷರಗಳು ಮಾತ್ರ ಅಚ್ಚಿನಿಂದ ಬರುತ್ತವೆ. ಸರಿದ ಸ್ಥಾನ, ಬಿರುಕು, ಆಕಾರ, ಗೀರು ಇವು ಆ ಒಂದು ನಾಣ್ಯಕ್ಕೆ ಮಾತ್ರ ಸೇರಿದವು. ಅದರಲ್ಲಿಯೂ ಕೆನ್ನೆಯ ಗೀರು ಟಂಕಿಸಿದ ಮೇಲೆ, ಯಾರದೋ ಚೀಲದಲ್ಲೋ ಮಣ್ಣಿನಲ್ಲೋ ಆದದ್ದು. ಅದೇ ಗೀರು ಎರಡನೆಯ ನಾಣ್ಯದಲ್ಲಿಯೂ ಇದೆಯೆಂದರೆ ಒಂದು ಇನ್ನೊಂದರಿಂದ ಹುಟ್ಟಿದೆ, ಅಥವಾ ಎರಡೂ ನಾವು ನೋಡದ ಮೂರನೆಯದೊಂದರಿಂದ ಹುಟ್ಟಿವೆ.

ಹುಟ್ಟಿಸುವ ದಾರಿಗಳು ಮುಖ್ಯವಾಗಿ ಎರಡು. ಅಸಲಿ ನಾಣ್ಯದ ಪಡಿಯಚ್ಚು ತೆಗೆದು ಬೆಳ್ಳಿಯನ್ನು ಎರಕ ಹೊಯ್ಯುವುದು ಒಂದು ದಾರಿ. ಇಂಥವುಗಳಲ್ಲಿ ಅಕ್ಷರಗಳ ಅಂಚು ಮೊಂಡಾಗಿರುತ್ತದೆ, ಸಮತಟ್ಟಾದ ಜಾಗದಲ್ಲಿ ಸೂಜಿಮೊನೆಯಷ್ಟು ಗುಳಿಗಳಿರುತ್ತವೆ, ಪಕ್ಕದ ದಪ್ಪದಲ್ಲಿ ಎರಡು ಭಾಗಗಳು ಕೂಡಿದ ಗೆರೆಯನ್ನು ಅರದಿಂದ ಉಜ್ಜಿ ಅಳಿಸಿದ ಗುರುತಿರುತ್ತದೆ. ಅಸಲಿಯಿಂದ ಉಕ್ಕಿನ ಅಚ್ಚನ್ನೇ ಮಾಡಿ ಯಂತ್ರದಲ್ಲಿ ಒತ್ತುವುದು ಇನ್ನೊಂದು ದಾರಿ. ಇವು ಚೂಪಾಗಿ, ಅಚ್ಚುಕಟ್ಟಾಗಿ ಇರುತ್ತವೆ; ಕಣ್ಣಿಗೆ ಸಿಕ್ಕಿಬೀಳುವುದು ನಿಮ್ಮಲ್ಲಿ ಆದಂತೆ ಎರಡನೆಯದು ಪಕ್ಕಕ್ಕೆ ಬಂದು ಕೂತಾಗ ಮಾತ್ರ. ಒಂದೇ ಬಗೆಯದನ್ನು ಎರಡು ಸಲ ಕೊಂಡದ್ದರಿಂದಲೇ ಈ ವಿಷಯ ಹೊರಬಿತ್ತು ಎಂಬುದನ್ನು ಮಾವನವರಿಗೆ ತಿಳಿಸಿ, ಅವರ ಬೇಸರ ಸ್ವಲ್ಪ ಕಡಿಮೆಯಾಗಬಹುದು.

ಟೈಬೀರಿಯಸನ ಕಾಲದ ಡಿನೇರಿಯಸ್ ಒಂದು ರೋಮನ್ ಪೌಂಡಿಗೆ 84ರಂತೆ ಟಂಕಿಸಿದ್ದು, ಲೆಕ್ಕಕ್ಕೆ ಸುಮಾರು 3.9 ಗ್ರಾಂ, ಚಲಾವಣೆಯಲ್ಲಿ ಸವೆದದ್ದು 3.7ರ ಆಸುಪಾಸಿನಲ್ಲಿ ನಿಲ್ಲುತ್ತದೆ. ನಿಮ್ಮ 3.74 ಒಪ್ಪುವ ತೂಕ. 3.31 ಬಹಳ ಕಡಿಮೆ, ಅದೂ ಸವೆತ ಎರಡರಲ್ಲಿಯೂ ಒಂದೇ ಸಮನಾಗಿರುವಾಗ. ಹಾಗೆಂದು ಭಾರವಾದದ್ದು ಅಸಲಿ ಎಂದು ಇಷ್ಟರಿಂದಲೇ ತೀರ್ಮಾನಿಸುವಂತಿಲ್ಲ. ಹಾಲ್‌ಮಾರ್ಕ್ ಕೇಂದ್ರದ ಎಕ್ಸ್‌ರೇ ಯಂತ್ರದಲ್ಲಿ ಪರೀಕ್ಷಿಸಿದರೆ ಮೇಲ್ಪದರದ ಬೆಳ್ಳಿಯ ಪ್ರಮಾಣ ತಿಳಿಯುತ್ತದೆ. ಬೆಳ್ಳಿ ಕಡಿಮೆಯಿದ್ದರೆ ಅನುಮಾನ ಖಚಿತ, ಏಕೆಂದರೆ ನೀರೋ ಚಕ್ರವರ್ತಿ ಬೆಳ್ಳಿಯ ಪ್ರಮಾಣ ಇಳಿಸುವುದಕ್ಕೆ ಮೊದಲಿನ ಈ ನಾಣ್ಯಗಳು ಬಹುಮಟ್ಟಿಗೆ ಶುದ್ಧ ಬೆಳ್ಳಿ. ಬೆಳ್ಳಿ ಸರಿಯಾಗಿದ್ದರೆ ಏನೂ ಸಾಬೀತಾಗುವುದಿಲ್ಲ, ನಕಲಿ ಮಾಡುವವರಿಗೂ ಒಳ್ಳೆಯ ಬೆಳ್ಳಿ ಸಿಗುತ್ತದೆ. ಮೊದಲು ನಾಣ್ಯದ ಪಕ್ಕದ ದಪ್ಪವನ್ನು ಸುತ್ತಲೂ ತಿರುಗಿಸಿ ಚಿತ್ರ ತೆಗೆದು ಹಾಕಿ. ಯಾವ ಚೀಟಿ ಯಾವ ವರ್ಷದ್ದು ಎಂಬುದನ್ನೂ ತಿಳಿಸಿ, ಮಾರಿದವರ ಹೆಸರು ಇಲ್ಲಿ ಬೇಡ.

ಕಾನೂನು ಕಟ್ಟೆ ಅವರ ಉತ್ತರ:

ವಿಲೇವಾರಿಯ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಲಂಡನ್ನಿನ ಅಥವಾ ಮ್ಯೂನಿಕ್ಕಿನ ಸಂಗ್ರಾಹಕ ಹೆಚ್ಚಾದ ನಾಣ್ಯವನ್ನು ಮುಂದಿನ ಹರಾಜಿಗೆ ಕಳುಹಿಸಿಬಿಡುತ್ತಾನೆ. ಬೆಂಗಳೂರಿನವರಿಗೆ ಆ ದಾರಿಯಿಲ್ಲ. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯಿದೆಯ ಪ್ರಕಾರ ನೂರು ವರ್ಷಕ್ಕಿಂತ ಹಳೆಯ ನಾಣ್ಯ ಪುರಾವಸ್ತು, ಖಾಸಗಿ ವ್ಯಕ್ತಿ ಅದನ್ನು ದೇಶದಿಂದ ಹೊರಗೆ ಕಳುಹಿಸುವಂತಿಲ್ಲ. ಅದು ಯಾವ ದೇಶದಲ್ಲಿ ಟಂಕಿಸಿದ್ದು ಎಂಬುದು ಇಲ್ಲಿ ಮುಖ್ಯವಲ್ಲ. ಹೊರದೇಶದ ಹರಾಜುಗಾರರು ಕೊಡುವ ‘ಇಷ್ಟವಾಗದಿದ್ದರೆ ಹಿಂತಿರುಗಿಸಿ’ ಎಂಬ ಭರವಸೆಯನ್ನೂ ಈ ಕಾರಣದಿಂದ ನಂಬಿಕೊಂಡು ಕೂರಬಾರದು. ನಾಣ್ಯ ಒಮ್ಮೆ ಇಲ್ಲಿಗೆ ಬಂದಮೇಲೆ ಅಂಚೆಗೆ ಹಾಕುವ ಮೊದಲು ಭಾರತೀಯ ಪುರಾತತ್ತ್ವ ಸರ್ವೇಕ್ಷಣದ ಬೆಂಗಳೂರು ವೃತ್ತ ಕಚೇರಿಯಲ್ಲಿ ಲಿಖಿತವಾಗಿ ವಿಚಾರಿಸಬೇಕು. ಹಾಗಾಗಿ ನಮ್ಮಲ್ಲಿ ಎರಡನೆಯದನ್ನು ಕೊಳ್ಳುವುದೆಂದರೆ ಒಂದು ಸಣ್ಣ ಮಾರುಕಟ್ಟೆಯೊಳಗೆ ಹಣವನ್ನು ಕಟ್ಟಿಹಾಕಿದಂತೆ, ಮತ್ತು ಒಂದೇ ವಾರದಲ್ಲಿ ಎರಡು ಹರಾಜುಗಳಲ್ಲಿ ಕೂಗುವ ಅಭ್ಯಾಸ ಅಲ್ಲಿಯವರಿಗಿಂತ ಇಲ್ಲಿಯವರಿಗೆ ಹೆಚ್ಚು ದುಬಾರಿ.

ದೇಶದೊಳಗೆ ಮಾರಬಹುದು. ಪುರಾವಸ್ತುಗಳ ವ್ಯಾಪಾರವನ್ನೇ ಉದ್ಯೋಗವಾಗಿ ನಡೆಸುವವರಿಗೆ ಅದೇ ಕಾಯಿದೆಯಡಿ ಪರವಾನಗಿ ಬೇಕಾಗುತ್ತದೆ. ಆದುದರಿಂದ ಪರವಾನಗಿಯುಳ್ಳ ವ್ಯಾಪಾರಿಯ ಅಥವಾ ಹರಾಜು ಸಂಸ್ಥೆಯ ಮೂಲಕ ಕೊಡುವುದು ನಿಮಗೆ ನೆಮ್ಮದಿಯ ದಾರಿ. ಸಂಗ್ರಾಹಕರ ನಡುವಿನ ವಿನಿಮಯ ಇನ್ನೂ ಲಾಭದಾಯಕ, ಏಕೆಂದರೆ ಮಧ್ಯದಲ್ಲಿ ಯಾರಿಗೂ ಕಮಿಷನ್ ಹೋಗುವುದಿಲ್ಲ. ಕೆ.ಜಿ. ರಸ್ತೆಯ ಶಿಕ್ಷಕರ ಸದನದಂತಹ ಕಡೆಗಳಲ್ಲಿ ನಡೆಯುವ ಮೇಳಗಳಿಗೆ ಬರುವವರಲ್ಲಿ ರೋಮನ್ ಬೆಳ್ಳಿ ಹುಡುಕುವವರು ಕೆಲವರಾದರೂ ಇದ್ದೇ ಇರುತ್ತಾರೆ. ವೆಸ್ಪೇಸಿಯನ್ನನ ಯೆಹೂದಿ ಸೆರೆಯಾಳಿನ ಎರಡನೆಯ ನಾಣ್ಯಕ್ಕೆ ಗಿರಾಕಿ ಸಿಗುವುದು ಕಷ್ಟವಲ್ಲ. ಕೊಡುವಾಗ ಚೆನ್ನಾಗಿರುವುದನ್ನು ಇಟ್ಟುಕೊಂಡು ಸವೆದದ್ದನ್ನು ಕೊಡುವುದು ಎಲ್ಲರ ಪದ್ಧತಿ. ನನ್ನ ಅಭಿಪ್ರಾಯದಲ್ಲಿ ದಾಖಲೆ ಗಟ್ಟಿಯಾಗಿರುವುದನ್ನು ಇಟ್ಟುಕೊಳ್ಳುವುದು ಹೆಚ್ಚು ಮುಖ್ಯ: ಹಳೆಯ ಹರಾಜಿನ ರಸೀದಿ, ಕಸ್ಟಮ್ಸ್ ಕಾಗದ, ಅಂಚೆಯ ಲಕೋಟೆ ಸಹ.

ಯಶವಂತಪುರ 1891 ಅವರು ಹೇಳಿದ ನಿಕ್ಷೇಪಗಳಿಂದಾಗಿ ಇನ್ನೊಂದು ಎಚ್ಚರಿಕೆಯನ್ನೂ ಹೇಳಬೇಕಾಗಿದೆ. ಯಾವುದಾದರೂ ಚೀಟಿಯಲ್ಲಿ ‘ಇಲ್ಲೇ ಹೊಲದಲ್ಲಿ ಸಿಕ್ಕಿದ್ದು’ ಎಂಬ ಧಾಟಿಯ ಬರಹವಿದ್ದರೆ ಆ ನಾಣ್ಯವನ್ನು ಮಾರಲು ಹೋಗದೆ ಮೊದಲು ವಕೀಲರನ್ನು ಕಾಣಿ. ನೆಲದಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂಬ ನಿಯಮ 1878ರ ನಿಧಿ ಕಾಯಿದೆಯ ಕಾಲದಿಂದಲೂ ಇದೆ. ಟೈಬೀರಿಯಸ್ ಮತ್ತು ಅಗಸ್ಟಸರ ನಾಣ್ಯಗಳ ವಿಷಯದಲ್ಲಿ ಈ ಪ್ರಶ್ನೆ ಏಳುವ ಸಂಭವ ಉಳಿದವುಗಳಿಗಿಂತ ಹೆಚ್ಚು. ಸಂದೇಹಕ್ಕೆ ಒಳಗಾಗಿರುವ ಆ ಟೈಬೀರಿಯಸ್ ಜೋಡಿಯನ್ನಂತೂ, ಕೊಳ್ಳುವವರಿಗೆ ಹೇಳದೆ ದಾಟಿಸಿದರೆ ಅದು ವಂಚನೆಯಾಗುತ್ತದೆ.

ಸಂಪಿಗೆ ರಸ್ತೆ ಅವರ ಮಾತು:

ಪಕ್ಕದ ದಪ್ಪದ ಚಿತ್ರಗಳನ್ನು ಹಾಕಿದ್ದೇನೆ. 3.31 ಗ್ರಾಮಿನದರ ಸುತ್ತಲೂ ಉಜ್ಜಿದ ಗೆರೆಗಳು ನನ್ನ ಕಣ್ಣಿಗೇ ಕಾಣುತ್ತಿವೆ. ಅದರ ಚೀಟಿ ಈಚಿನದು, ಭಾರವಾದದ್ದರ ಚೀಟಿ ಬಹಳ ಹಳೆಯದು. ಹಗುರವಾದದ್ದನ್ನು ‘ನಕಲಿ, ಮಾರಾಟಕ್ಕಲ್ಲ’ ಎಂದು ಬರೆದ ಬೇರೆ ಲಕೋಟೆಗೆ ಹಾಕಿದ್ದೇವೆ. ವೆಸ್ಪೇಸಿಯನ್ನನದು ಒಂದು ಮತ್ತು ಸರಳ ಕುರ್ಚಿಯ ಟೈಬೀರಿಯಸ್ ವಿನಿಮಯಕ್ಕೆ ಇವೆ. ಉಳಿದಿರುವ ಸಂದೇಹ ಆಂಟನಿಯದು.

ಯಶವಂತಪುರ 1891 ಅವರ ಉತ್ತರ:

ಚಿತ್ರಗಳನ್ನು ನೋಡಿದೆ. ಹಗುರವಾದದ್ದು ಎರಕದ್ದೇ, ನನಗೆ ಅನುಮಾನವಿಲ್ಲ. ಭಾರವಾದದ್ದು ಅದರ ಮೂಲವಾಗಿರಬಹುದು. ಕೈಯಲ್ಲಿ ಹಿಡಿದು ನೋಡದೆ ಇದಕ್ಕಿಂತ ಹೆಚ್ಚು ಹೇಳಲಾರೆ.

ಆಂಟನಿಯ ಸೈನ್ಯದಳದ ನಾಣ್ಯಗಳು ಕ್ರಿ.ಪೂ. 32–31ರಲ್ಲಿ, ಆಕ್ಟಿಯಮ್ ಯುದ್ಧದ ಸಿದ್ಧತೆಯ ಕಾಲದಲ್ಲಿ, ಸೈನಿಕರ ಸಂಬಳಕ್ಕಾಗಿ ಟಂಕಿಸಿದವು. ಬೆಳ್ಳಿಯ ಗುಣ ಕಡಿಮೆಯಾಗಿದ್ದುದರಿಂದ ಜನ ಇವನ್ನು ಕರಗಿಸದೆ, ಕೂಡಿಡದೆ, ತಲೆಮಾರುಗಳ ಕಾಲ ಖರ್ಚು ಮಾಡುತ್ತಲೇ ಹೋದರು. ಹಾಗಾಗಿ ಅಂಕಿ ಅಳಿಸಿಹೋಗುವಷ್ಟು ಸವೆದಿವೆ. ಎರಡನೆಯ ದಳದಿಂದ ಇಪ್ಪತ್ತಮೂರನೆಯ ದಳದವರೆಗೆ ಇರುವುದರಿಂದ ನಿಮಗೆ ಕಾಣುವ ಮೂರು ಗೆರೆಗಳು ಮೂರೂ ಆಗಬಹುದು, ಎಂಟೂ ಆಗಬಹುದು, ಹದಿಮೂರೂ ಹದಿನೆಂಟೂ ಆಗಬಹುದು. ಕೋಣೆಯ ದೀಪ ಆರಿಸಿ, ಟಾರ್ಚನ್ನು ನಾಣ್ಯದ ಮಟ್ಟಕ್ಕೇ ಇಳಿಸಿ ಪಕ್ಕದಿಂದ ಬೆಳಕು ಬಿಡಿ, ನಾಣ್ಯವನ್ನು ನಿಧಾನವಾಗಿ ತಿರುಗಿಸಿ. ಮೊದಲ ಗೆರೆಯ ಎಡಕ್ಕೆ ಓರೆಯಾದ ನೆರಳು ಎಲ್ಲಾದರೂ ಮೂಡಿದರೆ ಅದು ‘ವಿ’ ಅಥವಾ ‘ಎಕ್ಸ್’ ಅಕ್ಷರದ ಉಳಿಕೆ. ಮೂಡದಿದ್ದರೆ ಪಟ್ಟಿಯಲ್ಲಿ ದಳದ ಸಂಖ್ಯೆಯ ಜಾಗವನ್ನು ಖಾಲಿ ಬಿಟ್ಟು, ಚೀಟಿಯ ಹೇಳಿಕೆಯನ್ನು ಟಿಪ್ಪಣಿಯ ಅಂಕಣಕ್ಕೆ ಕಳುಹಿಸಿ. ಮಾವನವರ ವ್ಯಾಪ್ತಿಗೆ ಆಂಟನಿಯದು ಒಂದೇ ಸಾಕಲ್ಲವೇ? ಅಂಕಿ ಸ್ಪಷ್ಟವಾಗಿ ಓದಿಸಿಕೊಳ್ಳುವುದನ್ನು ಉಳಿಸಿಕೊಂಡು ಇನ್ನೊಂದನ್ನು ವಿನಿಮಯಕ್ಕೆ ಇಡಿ. ಸರಳ ಕುರ್ಚಿಯ ಟೈಬೀರಿಯಸ್ ನನಗೆ ಬೇಕಾಗಿದೆ, ಅದರ ರಸೀದಿಯ ಚಿತ್ರವನ್ನು ಖಾಸಗಿ ಸಂದೇಶದಲ್ಲಿ ಕಳುಹಿಸಿ.